ಟೆನರ್ ಕಂಠಕ್ಕೆ ಯಾವುದು ಮನೆ: ಆಪೆರಾವೋ ಆರಟೋರಿಯೊವೋ?

ಪ್ರಶ್ನೆ: ನನ್ನ ಮಗನಿಗೆ 22 ವರ್ಷ. ಮಂಗಳೂರಿನಲ್ಲಿ ಚರ್ಚಿನ ಗಾಯಕವೃಂದದಲ್ಲಿ ಚಿಕ್ಕಂದಿನಿಂದ ಹಾಡುತ್ತಾ ಬಂದಿದ್ದಾನೆ. ಧ್ವನಿ ಒಡೆದ ಮೇಲೆ ಅವನದು ಟೆನರ್ ಕಂಠ, ಅಂದರೆ ಗಂಡಸರ ಎತ್ತರದ ಕಂಠ ಎಂದರು. ಬಿ.ಕಾಂ. ಮುಗಿಸಿದ್ದಾನೆ. ಈಗ ಜರ್ಮನಿಗೆ ಹೋಗಿ ಪಾಶ್ಚಾತ್ಯ ಶಾಸ್ತ್ರೀಯ ಗಾಯನ ಕಲಿತು ಅದರಲ್ಲೇ ಬದುಕುತ್ತೇನೆ ಎನ್ನುತ್ತಾನೆ. ಅವನಿಗೆ ಪಾಠ ಹೇಳುವವರೊಬ್ಬರು, ‘ನಿನ್ನದು ಆರಟೋರಿಯೊ ಕಂಠ, ಆಪೆರಾಕ್ಕೆ ಸಾಲದು’ ಎಂದರಂತೆ. ಅಂದಿನಿಂದ ಹುಡುಗ ಮಂಕಾಗಿದ್ದಾನೆ. ಇವೆರಡರ ನಡುವೆ ನಿಜಕ್ಕೂ ಅಷ್ಟು ಅಂತರವಿದೆಯೇ? ಟೆನರ್ ಗಾಯಕನೊಬ್ಬನ ವೃತ್ತಿಜೀವನ ಹೇಗಿರುತ್ತದೆ?

ಉತ್ತರ: ‘ಸಾಲದು’ ಎಂಬ ಆ ಒಂದು ಮಾತನ್ನು ಮೊದಲು ಮಗನ ತಲೆಯಿಂದ ತೆಗೆಸಿ. ಆರಟೋರಿಯೊ ಎಂದರೆ ಆಪೆರಾದ ಪರೀಕ್ಷೆಯಲ್ಲಿ ಬಿದ್ದವರಿಗೆ ಸಿಗುವ ಸಮಾಧಾನಕರ ಬಹುಮಾನವಲ್ಲ. ಟೆನರ್‌ಗಳ ಇತಿಹಾಸವನ್ನು ಸ್ವಲ್ಪ ಕೆದಕಿದರೂ ಸಾಕು, ಈ ಕಂಠಕ್ಕೆ ನಾಯಕನ ಪಟ್ಟ ಕಟ್ಟಿದ್ದರಲ್ಲಿ ಆರಟೋರಿಯೊದ ಪಾಲು ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ. ಇನ್ನೂ ಮುಖ್ಯವಾದ ಮಾತೆಂದರೆ, ದೀರ್ಘಕಾಲ ಚೆನ್ನಾಗಿ ಹಾಡಿದ ಟೆನರ್‌ಗಳ ಬದುಕನ್ನು ನೋಡಿದರೆ ಅವರಲ್ಲಿ ಬಹುಪಾಲು ಮಂದಿ ಎರಡೂ ಕಡೆ ಕಾಲೂರಿದವರು.

ವ್ಯತ್ಯಾಸವನ್ನು ಹೇಳಿಬಿಡುತ್ತೇನೆ. ಆಪೆರಾದಲ್ಲಿ ಗಾಯಕ ವೇಷ ಹಾಕಿ, ಪಾತ್ರವಾಗಿ, ಇಡೀ ಕೃತಿಯನ್ನು ಕಂಠಪಾಠ ಮಾಡಿ ರಂಗದ ಮೇಲೆ ಓಡಾಡುತ್ತಾ ಹಾಡುತ್ತಾನೆ. ವಾದ್ಯವೃಂದ ರಂಗದ ಮುಂದಿನ ತಗ್ಗಿನಲ್ಲಿರುತ್ತದೆ. ಹೊಸ ನಿರ್ಮಾಣವೊಂದಕ್ಕೆ ಐದಾರು ವಾರಗಳ ತಾಲೀಮು ಸಾಮಾನ್ಯ. ಆರಟೋರಿಯೊದಲ್ಲಿ ವೇಷವಿಲ್ಲ, ರಂಗಸಜ್ಜಿಕೆಯಿಲ್ಲ. ಗಾಯಕ ಕೈಯಲ್ಲಿ ಪುಸ್ತಕ ಹಿಡಿದು ವಾದ್ಯವೃಂದದ ಮುಂದೆ ನಿಲ್ಲುತ್ತಾನೆ. ವಸ್ತು ಹೆಚ್ಚಾಗಿ ಬೈಬಲ್ಲಿನದು. ತಾಲೀಮು ಒಂದೆರಡು ದಿನದ್ದು, ಕೆಲವೊಮ್ಮೆ ಕಛೇರಿಯ ದಿನದ ಬೆಳಿಗ್ಗೆಯಷ್ಟೇ. ಹಾಗಾಗಿ ಆರಟೋರಿಯೊ ಗಾಯಕ ಪೂರ್ತಿ ಸಿದ್ಧನಾಗಿಯೇ ಬರಬೇಕು. ಅಲ್ಲಿ ಯಾರೂ ಕಲಿಸುತ್ತಾ ಕೂರುವುದಿಲ್ಲ. ಎರಡರಲ್ಲೂ ಮೈಕ್ ಇಲ್ಲ ಎಂಬುದನ್ನು ನಮ್ಮ ಊರುಗಳಲ್ಲಿ ಹಲವರು ಮರೆಯುತ್ತಾರೆ. ಚರ್ಚಿನಲ್ಲಿ ಮೈಕ್ ಮುಂದೆ ಹಾಡಿ ರೂಢಿಯಾದ ಕಂಠಕ್ಕೆ ಮೊದಲ ಆಘಾತ ಅದೇ.

ಇತಿಹಾಸದ ಮಾತು ಹೇಳಿದೆನಲ್ಲ. ಹದಿನೆಂಟನೆಯ ಶತಮಾನದ ಇಟಾಲಿಯನ್ ಆಪೆರಾದಲ್ಲಿ ವೀರನ ಪಾತ್ರ ಟೆನರ್‌ಗೆ ಸಿಗುತ್ತಿದ್ದುದು ಕಡಿಮೆ. ಬಾಲ್ಯದಲ್ಲೇ ಶಸ್ತ್ರಕ್ರಿಯೆ ಮಾಡಿಸಿ ಎಳೆಯ ಧ್ವನಿಯನ್ನು ಉಳಿಸಿಕೊಂಡ ಕಾಸ್ತ್ರಾತೋ ಗಾಯಕರೇ ಸೀಸರ್, ಅಲೆಕ್ಸಾಂಡರ್ ಆಗುತ್ತಿದ್ದರು. ಟೆನರ್ ಹೆಚ್ಚಾಗಿ ಮುದಿ ರಾಜ ಅಥವಾ ಎರಡನೇ ಸಾಲಿನ ಪ್ರಣಯಿ. ಲಂಡನ್ನಿನಲ್ಲಿ ಹ್ಯಾಂಡಲ್ ಇಟಾಲಿಯನ್ ಆಪೆರಾದ ಕೈಸುಡುವ ವ್ಯಾಪಾರವನ್ನು ಬಿಟ್ಟು ಇಂಗ್ಲಿಷ್ ಆರಟೋರಿಯೊಗಳತ್ತ ಹೊರಳಿದಾಗ ಈ ಲೆಕ್ಕ ತಲೆಕೆಳಗಾಯಿತು. ಜಾನ್ ಬಿಯರ್ಡ್ ಎಂಬ ಇಂಗ್ಲಿಷ್ ಟೆನರ್‌ಗಾಗಿ ಅವನು ‘ಸ್ಯಾಮ್ಸನ್’ (1743), ‘ಜೂಡಾಸ್ ಮಕಬೇಯಸ್’ (1747), ‘ಜೆಫ್ತಾ’ (1752) ಕೃತಿಗಳ ನಾಯಕ ಪಾತ್ರಗಳನ್ನು ಬರೆದ. ಕಣ್ಣು ಕಳೆದುಕೊಂಡ ಸ್ಯಾಮ್ಸನ್ ಕತ್ತಲನ್ನು ಹಾಡುವ ಆ ಭಾಗವನ್ನು ನಿಮ್ಮ ಮಗ ಒಮ್ಮೆ ಕೇಳಲಿ. ಆಪೆರಾ ರಂಗದ ಮೇಲೆ ವೀರನಾಗಲು ಟೆನರ್ ಇನ್ನೂ ಕಾಯುತ್ತಿದ್ದ ಕಾಲವದು.

ಇನ್ನು ಕಂಠದ ವಿಚಾರ. ಟೆನರ್‌ನ ವ್ಯಾಪ್ತಿ ಸುಮಾರಾಗಿ ಪಿಯಾನೋದ ಮಧ್ಯದ ‘ಸಿ’ ಸ್ವರಕ್ಕಿಂತ ಒಂದು ಸ್ಥಾಯಿ ಕೆಳಗಿನ ‘ಸಿ’ಯಿಂದ ಒಂದು ಸ್ಥಾಯಿ ಮೇಲಿನ ‘ಸಿ’ಯವರೆಗೆ, ಅಂದರೆ 130ರಿಂದ 523 ಹರ್ಟ್ಸ್‌ವರೆಗೆ. ಈ ಎರಡು ಸ್ಥಾಯಿಗಳಲ್ಲಿ ಕಷ್ಟದ ಜಾಗ ತುತ್ತತುದಿಯಲ್ಲ, ಅದಕ್ಕಿಂತ ಕೆಳಗೆ, ಮಧ್ಯದ ‘ಸಿ’ಯ ಮೇಲಿನ ‘ಇ’ಯಿಂದ ‘ಜಿ’ವರೆಗಿನ ನಾಲ್ಕು ಸ್ವರಗಳು. ಎದೆಯ ಧ್ವನಿ ತಲೆಯ ಧ್ವನಿಗೆ ಹೊರಳುವ ಈ ದಾಟುಜಾಗಕ್ಕೆ ಇಟಾಲಿಯನ್ನರು ಪಸಾಜ್ಜೊ ಎನ್ನುತ್ತಾರೆ. ಟೆನರ್‌ಗಳ ವಿದ್ಯಾಭ್ಯಾಸದ ಹೆಚ್ಚಿನ ವರ್ಷಗಳು ಕಳೆಯುವುದು ಇಲ್ಲೇ. ಇಲ್ಲಿ ಬಲ ಹಾಕಿದರೆ ಮೇಲಿನ ಸ್ವರ ಸಿಕ್ಕಂತೆ ಅನಿಸುತ್ತದೆ, ನಾಲ್ಕಾರು ವರ್ಷಗಳಲ್ಲಿ ಕಂಠ ಅಲುಗಾಡಲು ತೊಡಗುತ್ತದೆ. ವಾದ್ಯವೃಂದವನ್ನು ದಾಟಿ ಕೇಳಿಸಲು ಬೇಕಾದದ್ದು ಬಲವೂ ಅಲ್ಲ. ತರಬೇತಾದ ಗಂಡುಕಂಠದಲ್ಲಿ 3,000 ಹರ್ಟ್ಸ್ ಆಸುಪಾಸಿನಲ್ಲಿ ಅನುರಣನದ ಒಂದು ಗುಡ್ಡೆ ಏಳುತ್ತದೆ. ವಾದ್ಯವೃಂದದ ಶಕ್ತಿ ಹೆಚ್ಚಾಗಿರುವುದು 500 ಹರ್ಟ್ಸ್ ಸುತ್ತಮುತ್ತ. ಕಂಠ ಆ ತೆರವಿನಲ್ಲಿ ನುಸುಳಿ ಕೊನೆಯ ಸಾಲಿನ ಕಿವಿಗೂ ತಲುಪುತ್ತದೆ. ಸ್ವೀಡನ್ನಿನ ಧ್ವನಿವಿಜ್ಞಾನಿ ಯೋಹಾನ್ ಸುಂಡ್‌ಬೆರಿ ಇದನ್ನು ಅಳೆದು ತೋರಿಸಿದರು. ‘ಸಣ್ಣ’ ಕಂಠವೆಂದು ಕೋಣೆಯಲ್ಲಿ ಅನಿಸಿದ್ದು ದೊಡ್ಡ ಸಭಾಂಗಣದಲ್ಲಿ ತಲುಪುವುದೂ, ಕೋಣೆಯಲ್ಲಿ ಗುಡುಗಿದ್ದು ಅಲ್ಲಿ ಮುಳುಗುವುದೂ ಇದೇ ಕಾರಣಕ್ಕೆ. ಕೋಣೆಯಲ್ಲಿ ಕೇಳಿ 22ರ ಹುಡುಗನಿಗೆ ‘ಸಾಲದು’ ಎಂದು ತೀರ್ಪು ಕೊಡುವುದು ಆದ್ದರಿಂದಲೇ ಅವಸರದ ಕೆಲಸ.

ಬೇರೆಯವರ ಕಂಠದ ಹಿಂದೆ ಓಡಿದರೆ ಏನಾಗುತ್ತದೆ ಎಂಬುದಕ್ಕೆ ಟೆನರ್‌ಗಳ ಚರಿತ್ರೆಯಲ್ಲಿ ಒಂದು ದಾರುಣ ಪ್ರಸಂಗವಿದೆ. ರೊಸ್ಸೀನಿಯ ‘ವಿಲಿಯಂ ಟೆಲ್’ ಆಪೆರಾ 1829ರಲ್ಲಿ ಪ್ಯಾರಿಸ್ಸಿನಲ್ಲಿ ಮೊದಲು ರಂಗಕ್ಕೆ ಬಂದಾಗ ಅದರ ಟೆನರ್ ಅಡಾಲ್ಫ್ ನೂರಿ. ಅಂದಿನ ರೂಢಿಯಂತೆ ಅವನು ತುದಿಯ ಸ್ವರಗಳನ್ನು ಹಗುರವಾದ ತಲೆಯ ಧ್ವನಿಯಲ್ಲಿ ಹಾಡಿದ. 1837ರಲ್ಲಿ ಜಿಲ್ಬೇರ್ ಡ್ಯುಪ್ರೆ ಅದೇ ಪಾತ್ರದಲ್ಲಿ ಮೇಲಿನ ‘ಸಿ’ಯನ್ನು ತುಂಬು ಎದೆಯ ಧ್ವನಿಯಲ್ಲಿ ಹಾಡಿಬಿಟ್ಟ. ಪ್ಯಾರಿಸ್ ಹುಚ್ಚೆದ್ದಿತು. ರೊಸ್ಸೀನಿಗೆ ಆ ಕೂಗು ಸ್ವಲ್ಪವೂ ಹಿಡಿಸಲಿಲ್ಲ. ನೂರಿ ಪ್ಯಾರಿಸ್ ಬಿಟ್ಟು ಇಟಲಿಗೆ ಹೋಗಿ ಹೊಸ ಬಗೆಯಲ್ಲಿ ಹಾಡಲು ಕಲಿಯಲೆತ್ನಿಸಿದ. ಇದ್ದ ಕಂಠದ ಸೊಗಸೂ ಕೈಬಿಟ್ಟಿತು. 1839ರಲ್ಲಿ ನೇಪಲ್ಸ್‌ನಲ್ಲಿ ಕಿಟಕಿಯಿಂದ ಹಾರಿ ಪ್ರಾಣ ಕಳೆದುಕೊಂಡ. ಡ್ಯುಪ್ರೆಯ ಕಂಠವೂ ಬಹಳ ಕಾಲ ಬಾಳಲಿಲ್ಲ. ಆದರೆ ಅಂದಿನಿಂದ ಇಂದಿನವರೆಗೂ ಜನ ಟೆನರ್‌ನಿಂದ ಬಯಸುವುದು ಆ ಎದೆಯ ‘ಸಿ’ಯನ್ನೇ. ಎಳೆಯ ಗಾಯಕರ ಮೇಲೆ ಈ ಬಯಕೆಯ ಭಾರ ಬೀಳುವುದನ್ನು ಕಂಡಾಗ ನನಗೆ ನೋವಾಗುತ್ತದೆ.

ನಿಮ್ಮ ಮಗನಿಗೆ ನಾನು ಹೇಳಬಯಸುವ ಜೀವನವೆಂದರೆ ಜರ್ಮನಿಯ ಟೆನರ್ ಪೇಟರ್ ಶ್ರಾಯರ್ ಅವರದು. ಅವನ ಹಾಗೆಯೇ ಗಾಯಕವೃಂದದಿಂದ ಬಂದವರು. 1935ರಲ್ಲಿ ಜರ್ಮನಿಯ ಮೈಸೆನ್‌ನಲ್ಲಿ ಹುಟ್ಟಿದರು. ತಂದೆ ಹಳ್ಳಿಯ ಶಾಲಾಮಾಸ್ತರರು, ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದವರು. ಹುಡುಗನನ್ನು ಡ್ರೆಸ್ಡನ್‌ನ ಕ್ರಾಯ್ಸ್‌ಕೋರ್ ಎಂಬ ಪ್ರಾಚೀನ ಬಾಲಕರ ಗಾಯಕವೃಂದಕ್ಕೆ ಸೇರಿಸಿದರು. 1945ರ ಫೆಬ್ರುವರಿಯ ಬಾಂಬ್ ದಾಳಿ ಆ ನಗರವನ್ನು ಸುಟ್ಟು ಹಾಕಿತು. ವೃಂದದ ಬಾಲಕರೂ ಸತ್ತರು. ನಿರ್ದೇಶಕ ರುಡಾಲ್ಫ್ ಮೌವರ್ಸ್‌ಬರ್ಗರ್ ಉಳಿದ ಹುಡುಗರನ್ನು ಕೂಡಿಸಿ ವೃಂದವನ್ನು ಮತ್ತೆ ಕಟ್ಟಿದರು. ಶ್ರಾಯರ್ ಅಲ್ಲಿ ಆಲ್ಟೊ (ಟೆನರ್‌ಗಿಂತ ಮೇಲಿನ ಕಂಠ) ಸೋಲೊ ಹಾಡುತ್ತಾ ಬೆಳೆದರು. ಅವರ ಬಾಲ್ಯಕಂಠದ ಧ್ವನಿಮುದ್ರಣಗಳು ಇಂದಿಗೂ ಇವೆ, ಕೇಳಿದರೆ ಮುಂದಿನ ಗಾಯಕನ ಉಚ್ಚಾರದ ಸ್ಪಷ್ಟತೆ ಆಗಲೇ ಕಾಣುತ್ತದೆ.

ಧ್ವನಿ ಒಡೆದು ಟೆನರ್ ಆದ ಮೇಲೆ ಅವರು ಹಾರಲಿಲ್ಲ, ಹೆಜ್ಜೆ ಹೆಜ್ಜೆಯಾಗಿ ನಡೆದರು. 1959ರಲ್ಲಿ ಡ್ರೆಸ್ಡನ್ ಆಪೆರಾದಲ್ಲಿ ಬೇಟೋಫನ್‌ನ ‘ಫಿಡೇಲಿಯೊ’ದ ಮೊದಲ ಕೈದಿಯಾಗಿ ರಂಗ ಹತ್ತಿದರು, ಕೆಲವೇ ಸಾಲುಗಳ ಪಾತ್ರ. 1963ರಲ್ಲಿ ಬರ್ಲಿನ್ ಸ್ಟೇಟ್ ಆಪೆರಾ ಸೇರಿದರು. 1966ರಲ್ಲಿ ಬೈರಾಯ್ಟ್‌ನಲ್ಲಿ ವಾಗ್ನರ್‌ನ ‘ಟ್ರಿಸ್ಟಾನ್’ನ ಎಳೆಯ ನಾವಿಕ: ಮೊದಲ ಅಂಕ ಶುರುವಾಗುತ್ತಿದ್ದಂತೆ ವಾದ್ಯಗಳ ಆಸರೆಯಿಲ್ಲದೆ ಒಬ್ಬನೇ ಹಾಡುವ ಪಾತ್ರ. 1967ರಲ್ಲಿ ಮೋತ್ಸಾರ್ಟ್‌ನ ‘ಮ್ಯಾಜಿಕ್ ಫ್ಲೂಟ್’ ಆಪೆರಾದ ನಾಯಕ ಟಾಮಿನೋ ಆಗಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾಕ್ಕೆ ಹೋದರು. ಮೋತ್ಸಾರ್ಟ್‌ನ ಟಾಮಿನೋ, ಬೆಲ್ಮೊಂಟೆ, ಫೆರಾಂಡೊ, ಡಾನ್ ಒಟ್ಟಾವಿಯೊ ಈ ನಾಲ್ಕೂ ಅವರ ಊಟದ ಅನ್ನದಂತಿದ್ದವು. ವಾಗ್ನರ್‌ನಲ್ಲಿ ಸೀಗ್‌ಫ್ರೀಡ್‌ನಂತಹ ಭಾರಿ ವೀರಪಾತ್ರಗಳತ್ತ ಅವರು ಹೋಗಲಿಲ್ಲ. ಮಾತು ಮತ್ತು ಚುರುಕು ಬೇಡುವ ಡೇವಿಡ್, ಲೋಗೆ, ಮೀಮೆ ಪಾತ್ರಗಳನ್ನು ಆರಿಸಿಕೊಂಡರು. ವೃತ್ತಿಜೀವನದ ನಿಜವಾದ ಜಾಣ್ಮೆ ಇಲ್ಲಿದೆ. ಬೇಡವೆಂದು ಹೇಳಿದ ಪಾತ್ರಗಳೇ ಕಂಠವನ್ನು ಉಳಿಸಿಕೊಟ್ಟವು ಎಂದು ನಾನು ನಂಬಿದ್ದೇನೆ.

ಇದೆಲ್ಲದರ ಜತೆಗೆ ಪ್ರತಿ ವರ್ಷ ಅವರು ಬಾಖ್ ಹಾಡಿದರು. ಬಾಖ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಮತ್ತು ‘ಸೇಂಟ್ ಜಾನ್ ಪ್ಯಾಶನ್’ ಯೇಸುವಿನ ಯಾತನೆ ಮತ್ತು ಮರಣದ ಕಥೆ ಹೇಳುವ ಆರಟೋರಿಯೊಗಳು. ಎರಡರಲ್ಲೂ ಎವಾಂಜೆಲಿಸ್ಟ್ ಎಂಬ ಟೆನರ್ ಪಾತ್ರವಿದೆ. ಸುವಾರ್ತೆಯ ಗದ್ಯವನ್ನು ರಾಗದಲ್ಲಿ ಹೇಳುವ ಕಥೆಗಾರ ಅವನು. ನಮ್ಮ ಗಮಕಿಗಳು ಕುಮಾರವ್ಯಾಸನನ್ನು ತಾಳದ ಹಂಗಿಲ್ಲದೆ ಅರ್ಥದ ನಡಿಗೆಯಲ್ಲೇ ವಾಚಿಸುತ್ತಾರಲ್ಲ, ಅದಕ್ಕೆ ಬಹಳ ಹತ್ತಿರದ ಕಲೆ. ಆಸರೆಗೆ ಒಂದು ಚೆಲ್ಲೊ, ಒಂದು ಆರ್ಗನ್; ಅಷ್ಟೇ. ಸ್ವರಗಳು ಬಹುಕಾಲ ಆ ಪಸಾಜ್ಜೊದ ಸುತ್ತಲೇ ಸುಳಿಯುತ್ತವೆ, ಅದೂ ಹೆಚ್ಚುಕಡಿಮೆ ಮೂರು ಗಂಟೆಗಳ ಕೃತಿಯ ಉದ್ದಕ್ಕೂ. ಪೇತ್ರನು ಯೇಸುವನ್ನು ಮೂರು ಸಲ ಅರಿಯೆನೆಂದು ಹೇಳಿ, ಕೋಳಿ ಕೂಗಿದ ಮೇಲೆ ಹೊರಗೆ ಹೋಗಿ ಅಳುವ ಸಾಲನ್ನೇ ನೋಡಿ. ಯೋಹಾನನ ಸುವಾರ್ತೆಯಲ್ಲಿ ಪೇತ್ರನು ಅತ್ತನೆಂಬ ಮಾತೇ ಇಲ್ಲ. ‘ಸೇಂಟ್ ಜಾನ್ ಪ್ಯಾಶನ್’ಗೆ ಬಾಖ್ ಅದನ್ನು ಮತ್ತಾಯನಿಂದ ತಂದು ಸೇರಿಸಿದ. ಅದುವರೆಗೆ ಅಕ್ಷರಕ್ಕೊಂದು ಸ್ವರದಂತೆ ಚುರುಕಾಗಿ ಸಾಗುತ್ತಿದ್ದ ಕಥನ ‘ಅತ್ತನು’ ಎಂಬಲ್ಲಿ ನಿಂತುಬಿಡುತ್ತದೆ. ಆ ಒಂದೇ ಪದ ಅರ್ಧಸ್ವರ ಅರ್ಧಸ್ವರವಾಗಿ ಹೊರಳುತ್ತಾ ಬಿಗಿಯುತ್ತಾ ಉದ್ದಕ್ಕೆ ಎಳೆಯುತ್ತದೆ. ಇಲ್ಲಿ ಬಿಕ್ಕಿ ತೋರಿಸಿದರೆ ಕೆಟ್ಟಿತು. ಉಸಿರು ತುಂಡಾಗದಂತೆ, ಶ್ರುತಿ ಅಲುಗದಂತೆ, ಪ್ರತಿ ಅರ್ಧಸ್ವರವನ್ನೂ ಅದರ ಜಾಗದಲ್ಲಿ ಕೂರಿಸಬೇಕು. ಅಳು ಕೇಳುವವನಲ್ಲಿ ಹುಟ್ಟಬೇಕು. ಆಪೆರಾದ ದೊಡ್ಡ ಟೆನರ್‌ಗಳು ಬಂದು ಎಡವಿದ ಜಾಗವಿದು. ‘ಆರಟೋರಿಯೊ ಕಂಠ’ ಎಂದರೆ ಇದನ್ನು ಮಾಡಬಲ್ಲ ಕಂಠ ಎಂದು ಅರ್ಥವಾದರೆ ನಿಮ್ಮ ಮಗ ಹೆಮ್ಮೆ ಪಡಬೇಕು.

ಶ್ರಾಯರ್ ಮುಂದೆ ಇನ್ನೂ ಒಂದು ಹೆಜ್ಜೆ ಇಟ್ಟರು: ವಾದ್ಯವೃಂದವನ್ನು ನಿರ್ದೇಶಿಸುತ್ತಲೇ ಎವಾಂಜೆಲಿಸ್ಟ್ ಭಾಗವನ್ನು ತಾವೇ ಹಾಡತೊಡಗಿದರು. ಡ್ರೆಸ್ಡನ್ ವಾದ್ಯವೃಂದದೊಡನೆ 1984ರಲ್ಲಿ ಮುದ್ರಿಸಿದ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಹಾಗೆ ಆದದ್ದು. 1985ರಲ್ಲಿ, ಯುದ್ಧದಲ್ಲಿ ಸುಟ್ಟುಹೋಗಿದ್ದ ಡ್ರೆಸ್ಡನ್ ಆಪೆರಾ ಮಂದಿರ ಮತ್ತೆ ತೆರೆದ ದಿನಗಳಲ್ಲಿ, ಸ್ವಿಯಾಟೊಸ್ಲಾವ್ ರಿಕ್ಟರ್ ಪಿಯಾನೋ ಜತೆಗೆ ಶೂಬರ್ಟ್‌ನ ‘ವಿಂಟರ್‌ರೈಸೆ’ ಗೀತಮಾಲೆ ಹಾಡಿದರು. 2000ದಲ್ಲಿ ಬರ್ಲಿನ್ನಿನಲ್ಲಿ ಟಾಮಿನೋ ಆಗಿಯೇ ಆಪೆರಾಕ್ಕೆ ವಿದಾಯ ಹೇಳಿದಾಗ ಅವರಿಗೆ 64 ವರ್ಷ. ಎಳೆಯ ರಾಜಕುಮಾರನ ಪಾತ್ರವನ್ನು ಆ ವಯಸ್ಸಿನಲ್ಲಿ ಹಾಡುವಷ್ಟು ಕಂಠ ಉಳಿದಿತ್ತು. ಆರಟೋರಿಯೊ ಇನ್ನೂ ಐದು ವರ್ಷ ಮುಂದುವರಿಯಿತು. 2005ರ ಡಿಸೆಂಬರ್‌ನಲ್ಲಿ ಪ್ರಾಗ್‌ನಲ್ಲಿ ಬಾಖ್‌ನ ‘ಕ್ರಿಸ್ಮಸ್ ಆರಟೋರಿಯೊ’ ಅವರ ಕೊನೆಯ ಗಾಯನ. ತೀರಿಕೊಂಡದ್ದು 2019ರ ಕ್ರಿಸ್ಮಸ್ ದಿನ.

ಎಲ್ಲರ ದಾರಿಯೂ ಇಷ್ಟು ಉದ್ದವಿರುವುದಿಲ್ಲ. ಫ್ರಿಟ್ಸ್ ವುಂಡರ್ಲಿಕ್ 1930ರಲ್ಲಿ ಹುಟ್ಟಿ 1966ರಲ್ಲಿ, 36 ತುಂಬಲು ಒಂಬತ್ತು ದಿನ ಇರುವಾಗ, ಮೆಟ್ಟಿಲಿನಿಂದ ಬಿದ್ದು ತೀರಿಕೊಂಡರು. ಬಡತನದಲ್ಲಿ ಬೆಳೆದು, ಫ್ರೈಬುರ್ಗ್‌ನಲ್ಲಿ ಹಾರ್ನ್ ವಾದನವನ್ನೂ ಗಾಯನವನ್ನೂ ಒಟ್ಟಿಗೆ ಕಲಿತವರು. ಅವರ ಟಾಮಿನೋವನ್ನು ಕಾರ್ಲ್ ಬೋಮ್ ನಿರ್ದೇಶನದ 1964ರ ಮುದ್ರಣದಲ್ಲಿ ಕೇಳಬಹುದು. ಹೈಡನ್‌ನ ಆರಟೋರಿಯೊ ‘ದಿ ಕ್ರಿಯೇಶನ್’ ಅನ್ನು ಕರಾಯನ್ ನಿರ್ದೇಶನದಲ್ಲಿ ಮುದ್ರಿಸುತ್ತಿದ್ದಾಗಲೇ ಸಾವು ಬಂತು. ಏರಿಯಾಗಳು (ಒಬ್ಬನೇ ಹಾಡುವ ಹಾಡುಗಳು) ಮುಗಿದಿದ್ದವು, ಬಾಕಿ ಉಳಿದ ಕಥನಭಾಗಗಳನ್ನು ವೆರ್ನರ್ ಕ್ರೆನ್ ಹಾಡಿ ಪೂರ್ತಿಗೊಳಿಸಿದರು. ಕಾರ್ಲ್ ಮ್ಯುನ್‌ಶಿಂಗರ್ ಅವರ 1964ರ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಮುದ್ರಣವನ್ನು ಮಗನಿಗೆ ವಿಶೇಷವಾಗಿ ಕೇಳಿಸಿ: ಅದರಲ್ಲಿ ಏರಿಯಾಗಳಿಗೆ ವುಂಡರ್ಲಿಕ್, ಎವಾಂಜೆಲಿಸ್ಟ್ ಆಗಿ ಇಂಗ್ಲೆಂಡಿನ ಪೀಟರ್ ಪಿಯರ್ಸ್. ಒಬ್ಬರದು ಬಿಸಿಲು ತುಂಬಿದ ಕಂಠ. ಇನ್ನೊಬ್ಬರದು ಒಣ, ಸ್ವಲ್ಪ ಬೂದು ಬಣ್ಣದ್ದು, ಸುಂದರವೆಂದು ಮೊದಲ ಕೇಳುವಿಕೆಗೆ ಅನಿಸದು. ಆದರೆ ಆ ಪಿಯರ್ಸ್ 1945ರಲ್ಲಿ ಬೆಂಜಮಿನ್ ಬ್ರಿಟನ್ ಎಂಬ ಇಂಗ್ಲಿಷ್ ಸಂಗೀತರಚನಕಾರನ ‘ಪೀಟರ್ ಗ್ರೈಮ್ಸ್’ ಆಪೆರಾದ ನಾಯಕ, 1962ರಲ್ಲಿ ಕವೆಂಟ್ರಿಯಲ್ಲಿ ಅವನದೇ ‘ವಾರ್ ರಿಕ್ವಿಯಂ’ನ ಟೆನರ್, 1973ರಲ್ಲಿ 62ನೇ ವಯಸ್ಸಿನಲ್ಲಿ ‘ಡೆತ್ ಇನ್ ವೆನಿಸ್’ನ ನಾಯಕ. ಮೆಟ್ರೊಪಾಲಿಟನ್‌ಗೆ ಮೊದಲ ಬಾರಿ ಹೋದದ್ದು 64ನೇ ವಯಸ್ಸಿನಲ್ಲಿ. ಬ್ಯಾಂಕ್ ಗುಮಾಸ್ತನಾಗಿದ್ದ ನಿಕೊಲಾಯ್ ಗೆಡ್ಡಾ 1952ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ರಂಗ ಹತ್ತಿ ದಶಕಗಟ್ಟಲೆ ಎರಡೂ ಲೋಕಗಳಲ್ಲಿ ಬಾಳಿದರು. ಇಂಗ್ಲೆಂಡಿನ ಆಂತೊನಿ ರೋಲ್ಫ್ ಜಾನ್ಸನ್ ಹೊಲದ ಕೆಲಸ ಬಿಟ್ಟು ತಡವಾಗಿ ಗಾಯನಕ್ಕೆ ಬಂದವರು. ಬಿ.ಕಾಂ. ಮುಗಿಸಿ ಶುರುಮಾಡುವುದು ತಡವೇನಲ್ಲ.

ಕರ್ನಾಟಕದವರಾದ ನಿಮಗೆ ಒಂದು ಸಂಗತಿ ಸಂತೋಷ ಕೊಡಬಹುದು. ಲಂಡನ್ನಿನ ಫಿಲ್ಹಾರ್ಮೊನಿಯಾ ವಾದ್ಯವೃಂದದ ಆರಂಭದ ವರ್ಷಗಳಲ್ಲಿ ಅದಕ್ಕೆ ಹಣ ಕೊಟ್ಟು ನಿಲ್ಲಿಸಿದವರಲ್ಲಿ ಮೈಸೂರಿನ ಜಯಚಾಮರಾಜೇಂದ್ರ ಒಡೆಯರ್ ಒಬ್ಬರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಗೀತೆಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಬಂದದ್ದು ಅವರ ನೆರವಿನಿಂದ. ಅದೇ ವಾದ್ಯವೃಂದ 1961ರಲ್ಲಿ ಕ್ಲೆಂಪರರ್ ಕೈಕೆಳಗೆ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಮುದ್ರಿಸಿತು. ಎವಾಂಜೆಲಿಸ್ಟ್ ಪಿಯರ್ಸ್, ಏರಿಯಾಗಳಿಗೆ ಗೆಡ್ಡಾ.

ಈಗ ಹೊಟ್ಟೆಪಾಡಿನ ಮಾತು. ಜರ್ಮನಿಯಲ್ಲಿ ಸರ್ಕಾರದ ಅನುದಾನದಿಂದ ನಡೆಯುವ ಆಪೆರಾ ಮಂದಿರಗಳು ಸುಮಾರು 80 ಇವೆ. ಬೇರಾವ ದೇಶದಲ್ಲೂ ಇಷ್ಟಿಲ್ಲ. ಅವು ಗಾಯಕರನ್ನು ಸಂಬಳದ ಮೇಲೆ ಇಟ್ಟುಕೊಳ್ಳುತ್ತವೆ. ಕಂಠಗಳನ್ನು ಫಾಖ್ ಎಂಬ ವರ್ಗಗಳಾಗಿ ವಿಂಗಡಿಸುತ್ತಾರೆ: ಹಗುರ ಹಾಸ್ಯಪಾತ್ರಗಳ ಟೆನರ್, ಲಿರಿಕ್ ಟೆನರ್, ವೀರ ಟೆನರ್ ಹೀಗೆ. ಒಪ್ಪಂದ ಸಾಮಾನ್ಯವಾಗಿ ಒಂದು ಋತುವಿನದು. ಮುಂದಿನ ಋತುವಿಗೆ ಬೇಡವೆನ್ನುವುದಾದರೆ ಅಕ್ಟೋಬರ್ 31ರೊಳಗೆ ತಿಳಿಸುತ್ತಾರೆ, ಇಲ್ಲದಿದ್ದರೆ ಒಪ್ಪಂದ ತಾನಾಗಿ ಮುಂದುವರಿಯುತ್ತದೆ. ಆ ಅಕ್ಟೋಬರ್ ಎಲ್ಲ ಗಾಯಕರಿಗೂ ಬಿಗಿಯುಸಿರಿನ ತಿಂಗಳು. ಹೊಸ ನಿರ್ದೇಶಕ ಬಂದರೆ ಹಳೆಯ ತಂಡವೇ ಚದುರಬಹುದು. ಆರಟೋರಿಯೊದಲ್ಲಿ ಸಂಬಳವಿಲ್ಲ, ಕಛೇರಿಗೊಂದು ಸಂಭಾವನೆ. ಕೆಲಸವೆಲ್ಲ ಕ್ರಿಸ್ಮಸ್‌ಗೆ ಮುಂಚಿನ ನಾಲ್ಕು ವಾರ ಮತ್ತು ಈಸ್ಟರ್‌ಗೆ ಮುಂಚಿನ ವಾರಗಳಲ್ಲಿ ಮುಗಿಬೀಳುತ್ತದೆ. ಬೇಸಿಗೆಯಲ್ಲಿ ಖಾಲಿ ಕೈ. ಆದ್ದರಿಂದಲೇ ಆಪೆರಾ ಮಂದಿರದ ನೌಕರಿಯಲ್ಲಿದ್ದು, ರಜೆ ಕೇಳಿ ಪಕ್ಕದ ಊರಿನ ಚರ್ಚಿನಲ್ಲಿ ಪ್ಯಾಶನ್ ಹಾಡಿ ಬರುವ ಟೆನರ್‌ಗಳು ಅಲ್ಲಿ ಬಹಳ. ಇನ್ನೊಂದು ಗೌರವದ ದಾರಿ ಇದೆ, ಅದನ್ನು ನಮ್ಮವರು ಕಡೆಗಣಿಸುತ್ತಾರೆ: ಆಪೆರಾ ಅಥವಾ ರೇಡಿಯೊ ಗಾಯಕವೃಂದದ ಕಾಯಂ ಕೆಲಸ. ಒಳ್ಳೆಯ ಟೆನರ್‌ಗಳ ಕೊರತೆ ಎಲ್ಲ ವೃಂದಗಳಿಗೂ ಇದೆ.

ಹುಡುಗ ಈಗ ಏನು ಮಾಡಬೇಕು? ಜರ್ಮನಿಯ ಸರ್ಕಾರಿ ಸಂಗೀತ ಮಹಾವಿದ್ಯಾಲಯಗಳಲ್ಲಿ ಶುಲ್ಕ ಬಹುಪಾಲು ಇಲ್ಲ ಅಥವಾ ಅತ್ಯಲ್ಪ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯ 2017ರಿಂದ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಂದ ಆರು ತಿಂಗಳಿಗೆ 1,500 ಯೂರೊ ಪಡೆಯುತ್ತಿದೆ. ಪ್ರವೇಶ ಹಾಡಿನ ಪರೀಕ್ಷೆಯಿಂದ; ಸಂಗೀತಶಾಸ್ತ್ರ ಮತ್ತು ಪಿಯಾನೋವನ್ನೂ ನೋಡುತ್ತಾರೆ. ಕೆಲವು ಕಡೆ ವಯೋಮಿತಿ ಇರುವುದರಿಂದ ಅದನ್ನು ಮೊದಲೇ ವಿಚಾರಿಸಿ. ಜರ್ಮನ್ ಭಾಷೆಯನ್ನು ಈ ತಿಂಗಳೇ ಶುರುಮಾಡಲಿ. ಭಾಷೆ ಬಾರದ ಎವಾಂಜೆಲಿಸ್ಟ್‌ನನ್ನು ಜರ್ಮನ್ ಕೇಳುಗರು ಎರಡು ಸಾಲಿನಲ್ಲಿ ಗುರುತಿಸಿಬಿಡುತ್ತಾರೆ.

ಪರೀಕ್ಷೆಗೆ ದೊಡ್ಡ ಇಟಾಲಿಯನ್ ಏರಿಯಾ ಬೇಡ. ಪುಚ್ಚೀನಿಯ ಆಪೆರಾಗಳನ್ನು ಮೂವತ್ತರ ವಯಸ್ಸಿನ ತನಕ ಮುಟ್ಟದಿದ್ದರೂ ನಷ್ಟವಿಲ್ಲ. ಶೂಬರ್ಟ್‌ನ ಒಂದು ಗೀತೆ, ಹಳೆಯ ಇಟಾಲಿಯನ್ ಹಾಡೊಂದು, ಮತ್ತು ಹ್ಯಾಂಡಲ್‌ನ ‘ಮೆಸಾಯ’ದ ಆರಂಭದ ಟೆನರ್ ಭಾಗ ಸಿದ್ಧಪಡಿಸಲಿ. 1742ರಲ್ಲಿ ಡಬ್ಲಿನ್‌ನಲ್ಲಿ ಮೊದಲು ಹಾಡಿದ ಈ ಕೃತಿಯನ್ನು ಚರ್ಚಿನಲ್ಲಿ ಅವನು ಕೇಳಿಯೇ ಇರುತ್ತಾನೆ. ವಾದ್ಯಗಳ ಪೀಠಿಕೆ ಮುಗಿದ ಮೇಲೆ ಮನುಷ್ಯಕಂಠದ ಮೊದಲ ಮಾತು ಟೆನರ್‌ನದೇ. ಮೇಲಿನಿಂದ ಕೆಳಗಿಳಿಯುವ ಮೂರು ಸ್ವರ, ‘ಸಂತೈಸಿರಿ’ ಎಂಬರ್ಥದ ಎರಡು ಪದ. ಒಂದೆಡೆ ವಾದ್ಯಗಳು ಸುಮ್ಮನಾಗಿ ಕಂಠ ಒಂಟಿಯಾಗುತ್ತದೆ. ಆ ಸ್ವರವನ್ನು ತಳ್ಳದೆ, ನಡುಗದೆ ಹಿಡಿಯಲು ಬಂದರೆ ಪರೀಕ್ಷಕರಿಗೆ ಬೇಕಾದದ್ದೆಲ್ಲ ಅಲ್ಲೇ ತಿಳಿಯುತ್ತದೆ. ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪೂರ್ಣಕಂಠದಲ್ಲಿ ಅಭ್ಯಾಸ ಬೇಡ. ಉಳಿದ ಹೊತ್ತು ಪಠ್ಯವನ್ನು ಗಟ್ಟಿಯಾಗಿ ಓದಲಿ, ಪಿಯಾನೋ ಕಲಿಯಲಿ. ಸಾಧ್ಯವಾದರೆ ಒಮ್ಮೆ ಮೈಕ್ ಇಲ್ಲದ ದೊಡ್ಡ ಚರ್ಚಿನಲ್ಲಿ ಹಾಡಿಸಿ, ನೀವು ಕೊನೆಯ ಬೆಂಚಿನಲ್ಲಿ ಕುಳಿತು ಮಾತುಗಳು ಸ್ಪಷ್ಟವಾಗಿ ತಲುಪುತ್ತವೆಯೇ ನೋಡಿ. ಆ ಪರೀಕ್ಷೆಯ ಧ್ವನಿಮುದ್ರಣವನ್ನು ಇಬ್ಬರು ಬೇರೆ ಬೇರೆ ಗುರುಗಳಿಗೆ ಕೇಳಿಸಿದ ಮೇಲೆಯೇ ಅರ್ಜಿ ಹಾಕುವ ಶಾಲೆಗಳ ಪಟ್ಟಿ ಮಾಡಿಕೊಳ್ಳಿ.